ಕೆತ್ತನೆಯಿಲ್ಲದ ಕಂಬ

ಹೊಂಬಳಿದುರ್ಗದ ಪಡುವಣ ಕೋಟೆಗೋಡೆಗೆ ಬೆನ್ನೊತ್ತಿ ನಿಂತಿದ್ದ ಆ ನೂತನ ನಾಟ್ಯಶಾಲೆಯ ಸೊಬಗನ್ನು ಏನೆಂದು ಬಣ್ಣಿಸೋಣ! ಇಳಿಬಿಸಿಲಿಗೆ ಕೊತ್ತಳಗಳು ಕೆಂಪೇರಿದ್ದವು. ಬಯಲಿನ ಕಲ್ಲುಮೆಟ್ಟಿಲುಗಳ ಮೇಲೆ ನೇಕಾರರು, ಹೂವಾಡಗಿತ್ತಿಯರು, ಕುದುರೆಲಾಯದವರು ಒತ್ತೊತ್ತಾಗಿ ಕುಳಿತು, ಮುಂದಿನ ಸಾಲಿನ ದೊಡ್ಡ ಮುಂಡಾಸುಗಳನ್ನು ಬೈಯುತ್ತಿದ್ದರು. ಚಾವಣಿಯಿದ್ದುದು ರಂಗಕ್ಕೂ ಅದರ ಹಿಂದಿನ ನೇಪಥ್ಯಕ್ಕೂ ಮಾತ್ರ.

ಅದನ್ನು ಕಟ್ಟಿದ ವೃದ್ಧ ಸ್ಥಪತಿ ಮಾಚೋಜನೊಬ್ಬ ಕುಳಿತಿರಲಿಲ್ಲ. ನೇಪಥ್ಯದ ಬಾಯಲ್ಲಿದ್ದ ಕಂಬಕ್ಕೆ ಒರಗಿ ನಿಂತಿದ್ದ. ಉಳಿದ ಕಂಬಗಳ ತುಂಬ ಬಳ್ಳಿ, ಹಂಸ, ನರ್ತಕಿಯರು, ಇದೊಂದು ಬೋಳು. ಚಾವಣಿಯ ಭಾರವನ್ನೆಲ್ಲ ಹೊರುವ ಕಂಬಕ್ಕೆ ಉಳಿ ತಾಗಿಸದೆ, ಬುಡದಲ್ಲೊಂದು ಮರದ ಬೆಣೆಯಿಟ್ಟು ನಿಲ್ಲಿಸುವುದು ಅವನ ಮನೆತನದ ಪದ್ಧತಿ. ಬೆಣೆ ಹಾರಿದರೆ ಚಾವಣಿ ನೆಲಕ್ಕೆ!

ಅವನ ಕಣ್ಣು ನೇಪಥ್ಯದ ಹಿಂಗೋಡೆಯ ದಿಡ್ಡಿಬಾಗಿಲ ಮೇಲಿತ್ತು. "ನಟರ ಬಂಡಿಗಳು ಊರೆಲ್ಲ ಸುತ್ತಿ ಬರಬೇಕೇ, ಓಜರೇ? ಕೋಟೆಗೋಡೆಯಲ್ಲೇ ಒಂದು ದಿಡ್ಡಿ ತೆರೆಯಿರಿ," ಎಂದಿದ್ದ ಮಹಾಪ್ರಧಾನ ಕೇತಯ್ಯ. ನಾಟ್ಯಶಾಲೆಯ ಮೋಹದಲ್ಲಿ ಮಾಚೋಜ ಕೋಟೆಯನ್ನೇ ಕೊರೆದಿದ್ದ. ಬೀಗದ ಕೈ ಪ್ರಧಾನನ ಸೊಂಟ ಸೇರಿತ್ತು. ಇಂದು ನೋಡಿದರೆ, ದಿಡ್ಡಿಗೆ ಕಾವಲೇ ಇಲ್ಲ!

ಮಾಚೋಜ ಏದುಸಿರುಬಿಡುತ್ತ ಅರಸ ಮಲ್ಲಿದೇವನ ಬಳಿಗೆ ಬಂದ. "ಪ್ರಭೂ, ಶತ್ರು ಗಡಿಯಲ್ಲಿ ಬೀಡುಬಿಟ್ಟಿರುವಾಗ ದಿಡ್ಡಿಗೆ ಕಾವಲಿಲ್ಲ!"

ಪಕ್ಕದಲ್ಲಿದ್ದ ಕೇತಯ್ಯ ನಕ್ಕ. "ಕಾವಲಿನವರೂ ಆಟ ನೋಡಲೆಂದು ನಾನೇ ಬಿಟ್ಟೆ. ಓಜರಿಗೆ ಕಲ್ಲುಪುಡಿ ತಲೆಯೊಳಗೇ ಹೊಕ್ಕಂತಿದೆ!"

ಅರಸನೂ ನಕ್ಕುಬಿಟ್ಟ. "ಕುಳಿತುಕೊಳ್ಳಿ ಓಜರೇ, ನಿಮ್ಮದೇ ರಂಗ."

ಮಾಚೋಜ ಕಂಬದ ಬಳಿಗೇ ಮರಳಿದ. ಮದ್ದಳೆ ಮೊಳಗಿತು, ಆ ಸದ್ದಿನ ಮರೆಯಲ್ಲಿ ಕೇತಯ್ಯನ ಆಳು ದಿಡ್ಡಿಯ ಬೀಗ ತೆಗೆದ. ಬಿಚ್ಚುಗತ್ತಿಯ ಶತ್ರುಭಟರು ಒಬ್ಬರ ಹಿಂದೊಬ್ಬರು ನುಗ್ಗಿದರು.

"ಬಯಲಿಗೆ ಹಾರಿರೋ, ಮಕ್ಕಳಿರಾ!" ಎಂದು ನಟರಿಗೆ ಕೂಗಿದವನೇ ಮಾಚೋಜ ಕೊಡತಿ ಎತ್ತಿದ. ಮೇಲೆ ಚಾವಣಿಯಲ್ಲಿ ತಾನೇ ಬಿಡಿಸಿದ್ದ ಕಲ್ಲುಕಮಲವನ್ನು ಕಂಡು ಕೈ ಒಂದು ಕ್ಷಣ ತಡೆಯಿತು. ಮರುಕ್ಷಣ ಬೆಣೆಯ ಮೇಲೆ ಏಟು ಬಿತ್ತು.

ನುಗ್ಗಿದ ಭಟರೊಡನೆ ದಿಡ್ಡಿ ಕಲ್ಲಿನಡಿ ಹೂತುಹೋಯಿತು, ದುರ್ಗ ಉಳಿಯಿತು. ಕಲ್ಲು ಸರಿಸಿದಾಗ ಸಿಕ್ಕ, ಮುರಿಯದೆ ತೆರೆದಿದ್ದ ಬೀಗವೇ ಸಾಕ್ಷಿ ನುಡಿದು, ಕೇತಯ್ಯನ ಕೈಗೆ ಸಂಕೋಲೆ ಬಿತ್ತು.

ಕಲ್ಲುರಾಶಿಯಿಂದ ಸ್ಥಪತಿಯ ದೇಹವನ್ನೆತ್ತುವಾಗ ಅರಸ ಬರಿಗಾಲಲ್ಲಿ ನಿಂತಿದ್ದ. ಮಾಚೋಜನ ಮಗಳು ಕಾಳವ್ವೆಯ ಮುಖ ನೋಡಲಾರದೆ ನುಡಿದ: "ತಾಯೀ, ನಿಮ್ಮ ತಂದೆ ಎಚ್ಚರಿಸಿದಾಗ ನಾನು ನಕ್ಕೆ. ಬಿದ್ದರೂ ಮುರಿಯದ ಆ ಬೋಳು ಕಂಬವನ್ನು ಮಹಾದ್ವಾರದಲ್ಲಿ ನಿಲ್ಲಿಸಿ, ಅವರ ರೂಪವನ್ನು ಕೆತ್ತಿಸುತ್ತೇನೆ."

ಅವಳು ತಂದೆಯ ಹಣೆಯ ಧೂಳನ್ನು ಸೆರಗಿನಿಂದ ಒರೆಸಿದಳು.

"ನಿಲ್ಲಿಸಿರಿ, ಪ್ರಭೂ. ಉಳಿ ಮಾತ್ರ ತಾಗಿಸಬೇಡಿ. ಭಾರ ಹೊರುವುದನ್ನು ನಮ್ಮವರು ಕೆತ್ತುವುದಿಲ್ಲ."