ದೊಡ್ಡ ನಂಬರಿನ ಬಿರಿಯಾನಿ

ಬಿಸಿ ಬಿರಿಯಾನಿ ಪಾತ್ರೆಯ ಮುಚ್ಚಳದ ಮೇಲೆ ಕೂತಿದ್ದೆ...

ಕೆಳಗೆ ಸುಡುತ್ತಿತ್ತು. ಎದುರಿಗೆ ಮಚ್ಚು!

ಗುಬ್ಬಿಯ ಮಹಾಲಿಂಗಯ್ಯನವರ ಹೊಸ ಮನೆಯ ಗೃಹಪ್ರವೇಶ. ಮಾಂಸ ಮುಟ್ಟದ ಮನೆತನ. ಬೂದುಗುಂಬಳ ಒಡೆದ ಮಚ್ಚು ಇನ್ನೂ ಅವರ ಕೈಯಲ್ಲೇ ಇತ್ತು.

"ಎದ್ದೇಳ್ಲಾ! ಏನೈತೆ ಅದ್ರಾಗೆ?"

"ಕೇಸರಿಬಾತು, ಯಜಮಾನ್ರೇ."

"ಕೇಸರಿಬಾತು ಬೆಳ್ಳುಳ್ಳಿ ವಾಸ್ನೆ ಬತ್ತೈತೇನ್ಲಾ?"

ಕೇಳಿ ಸಾರ್, ನನ್ನ ಹೆಸರು ಮುತ್ತುರಾಜ್. ತುಮಕೂರಿನ ಅಡುಗೆ ಕಂಟ್ರಾಕ್ಟರ್ ಸದಾಶಿವಯ್ಯನ ಹತ್ತಿರ ಕೆಲಸಕ್ಕಿದ್ದೇನೆ. ಎಲ್ಲಿ ಎಡವಟ್ಟಾದರೂ ಸರಿಮಾಡುವವನು ನಾನೇ.

ಮೊಬೈಲ್ ಬಡಿದುಕೊಂಡಿತು. ಆಫೀಸಿನ ಸ್ವರ್ಣಲತಾ!

"ಅಣ್ಣಾ! ಕುಣಿಗಲ್ ಹೊನ್ನಯ್ಯನೋರ ಮಗನ ಬೀಗರೂಟಕ್ಕೆ ಬರೀ ಬಾಳೆಎಲೆ ಹೋಗಿದೆ! ಮಟನ್ ಬರ್ಲಿಲ್ಲ ಅಂದ್ರೆ ಹೆಣ್ಣನ್ನ ವಾಪಸ್ ಕರ್ಕೊಂಡು ಹೋಗ್ತೀವಿ ಅಂತ ಬೀಗರು ಎದ್ದು ನಿಂತವ್ರಂತೆ!"

"ಹೆಂಗಾಯ್ತಮ್ಮಾ?"

"ಬುಕಿಂಗ್ ಹಾಕಿದ್ರೆ ಕಂಪ್ಯೂಟರ್ ತಾನೇ ಒಂದು ನಂಬರ್ ಕೊಡುತ್ತೆ. ಮೆನು ಆ ನಂಬರಿಗೇ ಸೇರ್ಬೇಕು. ಆದ್ರೆ ನಮ್ಮ ಕಂಪ್ಯೂಟರ್ ಹುಡುಗ ರವೀಶ್ ಬರೆದ ಪ್ರೋಗ್ರಾಂ 'ನಂಗೆ ಕೊಟ್ಟ ನಂಬರ್ ಯಾವ್ದು' ಅಂತ ಕೇಳಲ್ಲ. 'ಎಲ್ಲಕ್ಕಿಂತ ದೊಡ್ಡ ನಂಬರ್ ಯಾವ್ದು' ಅಂತ ಕೇಳುತ್ತೆ! ನೇತ್ರಾವತಿ ಕುಣಿಗಲ್ದು ಹಾಕಿದ್ಲು. ಅವಳ ಮೆನು ಸೇರೋಷ್ಟರಲ್ಲಿ ಪಕ್ಕದ ಕಂಪ್ಯೂಟರಲ್ಲಿ ನಾನು ಗುಬ್ಬೀದು ಹಾಕ್ಬಿಟ್ಟೆ..."

ಆಮೇಲೆ ಹಾಕಿದ್ದರಿಂದ ದೊಡ್ಡ ನಂಬರ್ ಗುಬ್ಬಿಯದು. ಹೋಳಿಗೆ, ಮಟನ್... ಎರಡೂ ಗುಬ್ಬಿಗೆ!

ಮಚ್ಚು ಇನ್ನಷ್ಟು ಹತ್ತಿರ ಬಂತು.

"ಯಜಮಾನ್ರೇ, ನಿಜ ಹೇಳ್ಬಿಡ್ತೀನಿ. ಇದು ದೃಷ್ಟಿ ತೆಗೆದ ಪಾತ್ರೆ. ಬೆಳ್ಳುಳ್ಳಿ ನಿವಾಳಿಸಿ ತುಂಬಿದೀವಿ. ಇಲ್ಲಿ ಮುಚ್ಚಳ ತೆಗೆದ್ರೆ ದೃಷ್ಟಿಯೆಲ್ಲ ಹೊಸ ಮನೇಲೇ ಕೂತ್ಕೊಳ್ಳುತ್ತೆ!"

ಮಹಾಲಿಂಗಯ್ಯ ಬೆಚ್ಚಿಬಿದ್ದರು. ಮಚ್ಚು ಎಸೆದು, ಪಾತ್ರೆ ಎತ್ತಲು ತಾವೇ ಕೈಹಚ್ಚಿದರು.

ವ್ಯಾನ್ ಹಾರಿತು. ದಾರಿಯಲ್ಲೇ ರವೀಶನಿಗೆ ಫೋನ್ ಮಾಡಿದೆ.

"ಈಗ್ಲೇ ಸರಿಮಾಡ್ಲಾ! ದೊಡ್ಡ ನಂಬರ್ ಅಲ್ಲ, ಕೊಟ್ಟ ನಂಬರ್ ಕೇಳು!"

ತುಮಕೂರು ದಾಟಿತು... ಹೆಬ್ಬೂರಿನಲ್ಲಿ ಎಮ್ಮೆಗಳು ಅಡ್ಡ! ಹಾರನ್ ಬಾರಿಸಿದೆ. ಕಣ್ಣು ಕೆಕ್ಕರಿಸಿ ನೋಡಿದೆ. ಅವು ನನಗಿಂತ ದೊಡ್ಡ ರೌಡಿಗಳು.

ಕುಣಿಗಲ್ ಮುಟ್ಟುವಷ್ಟರಲ್ಲಿ ಮದುಮಗಳು ಅಳುತ್ತಾ ಕಾರು ಹತ್ತಿಯಾಗಿತ್ತು. ಕಾರಿಗೆ ವ್ಯಾನ್ ಅಡ್ಡ ಹಾಕಿ ಮುಚ್ಚಳ ತೆಗೆದೆ.

ಘಮ್!

ಹೆಣ್ಣಿನ ಸೋದರಮಾವ ಕನಕರಾಜು ಮೊದಲು ಇಳಿದ.

"ಒಂದು ತುತ್ತು ತಿಂದೇ ಹೋಗಾನ ಬುಡಿ..." ಅಂದ.

ಅವನು ಎರಡನೇ ಸಲ ಬಡಿಸಿಕೊಳ್ಳುವಾಗ ಹೆಣ್ಣಿನ ಸೂಟ್‌ಕೇಸು ಮನೆಯೊಳಗೆ ಹೋಯಿತು. ಸಂಸಾರ ಉಳಿಯಿತು!

ಮತ್ತೆ ಫೋನ್. ರವೀಶ್.

"ಅಣ್ಣಾ, ಸರಿಯಾಯ್ತು! ಟೆಸ್ಟಿಂಗ್‌ಗೆ ಅಂತ ಒಂದು ತಿಥಿ ಊಟ ಬುಕ್ ಮಾಡ್ದೆ. ಮೆನು ಕರೆಕ್ಟಾಗಿ ಅದೇ ನಂಬರಿಗೇ ಹೋಯ್ತು!"

"ಯಾರ್ದ್ಲಾ ತಿಥಿ?"

"ಯಾವ ಹೆಸರೂ ಹೊಳೀಲಿಲ್ಲ... ನಮ್ಮ ಓನರ್ ಸದಾಶಿವಯ್ಯನೋರ್ದೇ ಹಾಕ್ದೆ. ಅಡುಗೆಯೋರು ವಡೆ ಕರಿದು ಅವರ ಮನೆಗೆ ಕಳಿಸ್ಬಿಟ್ಟವ್ರೆ ಅಣ್ಣಾ..."

ಈ ಸಲ ನಂಬರ್ ತಪ್ಪಿರಲಿಲ್ಲ ಸಾರ್. ಸದಾಶಿವಯ್ಯ ಸಾಯುವುದೊಂದೇ ಬಾಕಿ!