ಹಸಿರು ಕಾರಿನ ರೋಟರ್ ತೆಗೆದವರು

ಕಾರಿನ ಬಾನೆಟ್ಟಿನಡಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಒಳಗೆ ನೋಡಿದ ಮಲ್ಲಿಕಾರ್ಜುನ ಬಗ್ಗಿದವನು ಹಾಗೇ ಉಳಿದ.

"ಬಾಳೇಶಣ್ಣ, ಇದರಾಗ ರೋಟರ್ ಇಲ್ಲ."

"ಇಲ್ಲಂದ್ರ? ಮುರದೈತೇನು?"

"ಮುರಿದಿದ್ರ ಚೂರರ ಇರತಿದ್ವು. ಇದು ಪೂರಾ ಖಾಲಿ ಐತಿ. ಯಾರೋ ತಗದಾರ."

ಬಾಳೇಶ ತಾನೇ ಬಗ್ಗಿ ನೋಡಿದ. ಹೌದು, ಇರಲಿಲ್ಲ. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಂಡು ಅದು. ಅದಿಲ್ಲದಿದ್ದರೆ ಎಂಜಿನ್ನಿಗೆ ಕಿಡಿ ಹೋಗುವುದಿಲ್ಲ. ಕೀಲಿ ತಿರುವಿದರೆ ಗರ್ ಗರ್ ಎನ್ನುತ್ತದೆ, ಹತ್ತಿಕೊಳ್ಳುವುದಿಲ್ಲ. ಅರ್ಧ ಗಂಟೆಯ ಹಿಂದೆ ಇದೇ ಕಾರು ತನ್ನ ಎಂಜಿನ್ನಿನ ಬಲದಿಂದಲೇ ಓಡಿ ಬಂದು ಇಲ್ಲಿ ನಿಂತಿತ್ತು. ಅಂದರೆ ರೋಟರ್ ಹೋದದ್ದು ಆಮೇಲೆ. ಈ ಅರ್ಧ ಗಂಟೆಯೊಳಗೆ!

ಸಿರಸಂಗಿ ರಸ್ತೆಯ ಪಕ್ಕ, ಕಾಡಪ್ಪ ಎಂಬ ರೈತನ ಜೋಳ ಕೊಯ್ದ ಹೊಲದಲ್ಲಿ ಆ ಭಾನುವಾರ ಎಂಟು ತಾಸಿನ ಕಾರು ಓಟ. ಮುಂಜಾನೆ ಎಂಟರಿಂದ ಸಂಜೆ ನಾಲ್ಕರವರೆಗೆ. ಇಪ್ಪತ್ತು ವರ್ಷಕ್ಕಿಂತ ಹಳೆಯ ಕಾರುಗಳಿಗೆ ಮಾತ್ರ ಪ್ರವೇಶ. ಒಂದು ಕಾರಿಗೆ ಮೂವರು ಚಾಲಕರು, ಒಬ್ಬೊಬ್ಬರೂ ಎರಡು ತಾಸಾದರೂ ಓಡಿಸಲೇಬೇಕು. ವೇಗಕ್ಕೆ ಬಹುಮಾನವಿಲ್ಲ, ಹೆಚ್ಚು ಸುತ್ತು ಹಾಕಿದವರು ಗೆದ್ದಂತೆ. ಹಾಗೆಂದರೆ ಕಡಿಮೆ ಕೆಟ್ಟ ಕಾರು ಗೆದ್ದಂತೆ.

ಕೆಡದ ಕಾರು ಒಂದೂ ಇರಲಿಲ್ಲ. ಸವದತ್ತಿಯವರ ಕಾರಿನ ಹಾರ್ನು ಒಂಬತ್ತು ಗಂಟೆಗೆ ಸಿಕ್ಕಿಹಾಕಿಕೊಂಡು ಮುಕ್ಕಾಲು ತಾಸು ಒಂದೇ ಸಮನೆ ಕೂಗಿತು. ಬೈಲಹೊಂಗಲದವರ ವ್ಯಾನಿನ ಬಾಗಿಲು ಕಳಚಿ ಬಿತ್ತು; ಅದರ ಹಿಂದೆಯೇ ಅವರ ಬುತ್ತಿಯ ಗಂಟೂ ಬಿದ್ದು, ಹಿಂದಿನ ಮೂರು ಕಾರುಗಳು ರೊಟ್ಟಿಯ ಮೇಲೆ ಹಾದುಹೋದವು. ಮುರಗೋಡದವರ ಗಾಡಿ ಹತ್ತು ಗಂಟೆಯಿಂದೀಚೆಗೆ ಎಡಕ್ಕೆ ಮಾತ್ರ ತಿರುಗುತ್ತಿತ್ತು. ಸುತ್ತೂ ಎಡಕ್ಕೇ ಇದ್ದದ್ದರಿಂದ ಅವರು ಅದನ್ನು ರಿಪೇರಿ ಮಾಡುವ ಗೋಜಿಗೇ ಹೋಗಲಿಲ್ಲ.

ರಾಮದುರ್ಗದವರ ಸಣ್ಣ ಹಸಿರು ಕಾರಿನ ರೋಗ ಬೇರೆ. ಅದರ ಚಾಲಕನ ಸೀಟು ಹಿಂದೆ ಮುಂದೆ ಸರಿಯುತ್ತಿರಲಿಲ್ಲ. ಒಬ್ಬರು ಕೆಳಗೆ ಕೈ ಹಾಕಿ ಹಿಡಿಕೆ ಎತ್ತಬೇಕು, ಇನ್ನೊಬ್ಬರು ಬಾಗಿಲ ಕಡೆಯಿಂದ ಕಾಲು ಕೊಟ್ಟು ನೂಕಬೇಕು. ಟೈರು ಪಂಕ್ಚರಿನ ಅಂಗಡಿಯ ಬಾಳೇಶ ನಡು ಎತ್ತರದವನು. ತರಕಾರಿ ಟೆಂಪೋ ಓಡಿಸುವ ಮಂಜುಳಾ ಐದಡಿಗೂ ಕಡಿಮೆ. ಸರ್ಕಾರಿ ಬಸ್ಸಿನ ಚಾಲಕ ಶಿವಲಿಂಗ ಆರಡಿಯ ಆಳು. ಒಬ್ಬೊಬ್ಬರಿಗೆ ಎರಡು ಪಾಳಿ, ಒಂದೊಂದೂ ತಾಸಿಗಿಂತ ತುಸು ಹೆಚ್ಚು. ಚಾಲಕರು ಬದಲಾದಾಗಲೆಲ್ಲ ಮೂವರೂ ಬೆವರುತ್ತಿದ್ದರು, ನೋಡುವವರು ನಗುತ್ತಿದ್ದರು.

ಆದರೂ ಮಧ್ಯಾಹ್ನ ಹನ್ನೆರಡಕ್ಕೆ ಮಂಜುಳಾ ಕಾರು ತಂದು ನಿಲ್ಲಿಸಿದಾಗ ರಾಮದುರ್ಗ ಹನ್ನೊಂದು ಸುತ್ತು ಮುಂದಿತ್ತು. ಎರಡನೆಯ ಜಾಗದಲ್ಲಿ ಕಿತ್ತೂರಿನವರು. ಕಿತ್ತೂರಿನ ಗ್ಯಾರೇಜಿನ ಮಲ್ಲಿಕಾರ್ಜುನನೇ ಅವರ ಮುಖ್ಯಸ್ಥ.

ಬಾಳೇಶ ಈಗ ಅವನ ಮುಖವನ್ನೇ ನೋಡುತ್ತಿದ್ದ.

"ಮಲ್ಲಿಕಾರ್ಜುನ, ಮುಚ್ಚಳ ತಗದಾಂವ ನೀನ. ಕೈಯಾಗ ಏನೈತಿ, ತೋರ್ಸು."

"ಏನಂದಿ? ನಿಮ್ಮ ಗಾಡಿ ಹತ್ತವಲ್ದು ಅಂತ ಸ್ಪ್ಯಾನರ್, ಪಾನಾ ಹಿಡಕೊಂಡು ಬಂದೇನಿ. ನನ್ನ ಮ್ಯಾಲೇ ಹಾಕ್ತೀಯೇನು?"

"ನಾವು ನಿಂತ್ರ ಲಾಭ ಯಾರಿಗೆ?"

ಮಾತು ಕೈಗೆ ಬರುವ ಮೊದಲೇ ನಾಗರತ್ನಾ ಬಂದರು. ಪೊಲೀಸ್ ಖಾತೆಯಲ್ಲಿ ಮೂವತ್ತಾರು ವರ್ಷ ದುಡಿದು, ಸಹಾಯಕ ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾಗಿ ಬೈಲಹೊಂಗಲದಲ್ಲಿದ್ದವರು. ಅವರ ಎದುರು ಯಾರೂ ವಾದ ಮಾಡುವುದಿಲ್ಲವೆಂಬ ಒಂದೇ ಕಾರಣಕ್ಕೆ ಅವರನ್ನು ಓಟದ ತೀರ್ಪುಗಾರರನ್ನಾಗಿ ಕರೆಸಿದ್ದರು. ತಲೆಗೆ ಟವೆಲ್ಲು, ಕೈಯಲ್ಲಿ ಸುತ್ತು ಬರೆಯುವ ಹಲಗೆ.

"ಯಾರೂ ಕಾರು ಮುಟ್ಟಬ್ಯಾಡ್ರಿ," ಎಂದರು. "ಬಾಳೇಶ, ನೀ ಹೇಳು. ಗಾಡಿ ಎಷ್ಟಕ್ಕ ಬಂತು?"

"ಬರೋಬ್ಬರಿ ಹನ್ನೆರಡಕ್ಕರಿ, ಅಕ್ಕಾರ. ಎಂಜಿನ್ ಬಂದ್ ಮಾಡಿ ಹತ್ತು ಮಿನಿಟ್ ನಿಲ್ಲಸಬೇಕಂತ ನಿಯಮ ಐತೆಲ್ಲ, ನಿಲ್ಲಿಸಿದ್ವಿ. ನಾ ಪೆಟ್ರೋಲ್ ಹಾಕಿದೆ."

"ಆಮ್ಯಾಲೆ?"

"ಆಮ್ಯಾಲೆ... ಗಾಲಿ."

ಗಾಲಿಯನ್ನು ಎಲ್ಲರೂ ನೋಡಿದ್ದರು. ಹನ್ನೆರಡೂ ಮೂರಕ್ಕೆ, ಓಡುತ್ತಿದ್ದ ಕಿತ್ತೂರಿನ ಕಾರಿನ ಹಿಂದಿನ ಗಾಲಿ ಕಳಚಿತು. ಕಾರು ನಿಂತಿತು, ಗಾಲಿ ನಿಲ್ಲಲಿಲ್ಲ. ಬದು ಹಾರಿ ಕಾಡಪ್ಪನ ಉಳ್ಳಾಗಡ್ಡಿ ಹೊಲಕ್ಕೆ ನುಗ್ಗಿ, ಸಾಲು ಮುರಿಯುತ್ತ ಬಾವಿಯ ತನಕ ಹೋಯಿತು. ಓಟದವರು, ನೋಡಲು ಬಂದವರು ಎಲ್ಲ ಹಗ್ಗದ ಹತ್ತಿರ ಓಡಿ ನಿಂತು ಹೊಟ್ಟೆ ಹಿಡಿದು ನಕ್ಕಿದ್ದರು. ಬಾಳೇಶನೂ ನಕ್ಕಿದ್ದ.

"ಅಂದ್ರ ಆಗ ಈ ಗಾಡಿ ಹತ್ರ ಯಾರೂ ಇರಲಿಲ್ಲ?"

"ನಾ ನೀರಿನ ಟ್ಯಾಂಕರ್ ಮ್ಯಾಲೆ ಹತ್ತಿ ನೋಡಾಕತ್ತಿದ್ದೆರಿ," ಎಂದಳು ಮಂಜುಳಾ.

"ನಾನೂ ಗಾಲಿ ನೋಡಾಕ ಹೋಗಿದ್ದೆ," ಎಂದ ಶಿವಲಿಂಗ. ಹೆಲ್ಮೆಟ್ಟು ಇನ್ನೂ ಅವನ ಕಂಕುಳಲ್ಲಿತ್ತು.

ನಾಗರತ್ನಾ ಮಲ್ಲಿಕಾರ್ಜುನನತ್ತ ತಿರುಗಿದರು. "ನೀ ಎಲ್ಲಿದ್ದಿ?"

"ಗಾಲಿ ಹಿಂದ ಓಡಿದ್ದೆರಿ. ಬಾವಿ ತನಕ."

"ನೋಡಿದವರು?"

"ಹೊಲದ ಮಾಲಕರ ಇದ್ರಲ್ರಿ. ಬಾರಕೋಲು ಹಿಡಕೊಂಡು ನನ್ನ ಹಿಂದ ಓಡಿ ಬಂದ್ರು."

ಕಾಡಪ್ಪನನ್ನು ಕರೆಸಿದರು. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬಾಳೇಶನಿಗೆ ಇನ್ನೊಂದು ಸಂಶಯ ಹೊಳೆದದ್ದು ಆಗಲೇ. ಮುಂಜಾನೆ ಶಿವಲಿಂಗನ ಪಾಳಿಯಲ್ಲಿ ಹಸಿರು ಕಾರು ದೂರದ ತಿರುವಿನಲ್ಲಿದ್ದ ಕಣಿಕೆಯ, ಅಂದರೆ ಒಣ ಜೋಳದ ದಂಟಿನ, ಬಣವೆಗೆ ಹೊಡೆದಿತ್ತು. ಕಾಡಪ್ಪ ಬಂದು, 'ಇನ್ನೊಮ್ಮಿ ಬಡದ್ರ ನಿಮ್ಮ ಗಾಡಿ ಹೆಂಗ ಮುಂದ ಹೋಕ್ಕೈತಿ ನೋಡ್ತೇನಿ' ಎಂದು ಬೈದು ಹೋಗಿದ್ದ.

"ಅಕ್ಕಾರ, ಇವರೂ ನಮಗ ಬೆದರಿಕಿ ಹಾಕಿದ್ರು," ಎಂದ ಬಾಳೇಶ.

"ಹಾಕಿದ್ದೆ," ಎಂದ ಕಾಡಪ್ಪ. "ಬಣವಿ ನಂದು. ಆದ್ರ ಗಾಲಿ ಓಡೂ ಮುಂದ ನಾ ಉಳ್ಳಾಗಡ್ಡಿ ಹೊಲದಾಗಿದ್ದೆ. ಈ ಕಿತ್ತೂರು ಮನಶ್ಯಾನ ಅಂಗಿ ಹಿಡದು ಕರಕೊಂಡು ಬಂದೇನಿ. ಬಿಟ್ಟಿದ್ದ ಹನ್ನೆರಡೂವರಿಗೆ ಹತ್ತು ಕಡಿಮಿ ಇದ್ದಾಗ."

"ಖರೇ ಐತ್ರಿ," ಎಂದು ಮಲ್ಲಿಕಾರ್ಜುನ ಹರಿದ ಕಾಲರು ತೋರಿಸಿದ.

ಒಬ್ಬನನ್ನು ಒಬ್ಬ ಬೈಯುತ್ತಲೇ ಇಬ್ಬರೂ ಪರಸ್ಪರ ಸಾಕ್ಷಿಯಾಗಿಬಿಟ್ಟಿದ್ದರು.

"ಅಷ್ಟ ಅಲ್ಲ," ಎಂದರು ನಾಗರತ್ನಾ. "ಕಾಡಪ್ಪನವರ ಮನಿಯಾಗಿರೂದು ಡೀಸೆಲ್ ಟ್ರ್ಯಾಕ್ಟರ್. ಅದರಾಗ ರೋಟರ್ ಇರೂದ ಇಲ್ಲ. ಅವರಿಗೆ ಸಿಟ್ಟು ಬಂದಿದ್ರ ಟೈರಿಗೆ ಮೊಳಿ ಹೊಡೀತಿದ್ರು. ಇದನ್ನ ತಗದವ್ರಿಗೆ ಗಾಡಿ ಕೆಡಬಾರದು, ಬರೇ ನಿಲ್ಲಬೇಕು ಅಂತ ಇತ್ತು. ನಾಕು ತಂತಿ ಹರದು ಒಗೀಬಹುದಿತ್ತು. ಹರದಿಲ್ಲ. ಸಾವಕಾಶ ತಗದು, ಮುಚ್ಚಳ ಮತ್ತ ಹಾಕಿ ಹೋಗ್ಯಾರ."

ಅವರು ಹಸಿರು ಕಾರಿನ ಸುತ್ತ ಒಂದು ಸಲ ನಡೆದರು. ಬಾನೆಟ್ಟು ನೋಡಲಿಲ್ಲ. ಚಾಲಕನ ಬಾಗಿಲ ಬಳಿ ನಿಂತು ಒಳಗೆ ಇಣುಕಿ ಬಹಳ ಹೊತ್ತು ನೋಡಿದರು.

"ಬಾಳೇಶ, ನಿನ್ನ ಪಾಳಿಯಾಗ ಬ್ರೇಕ್ ಹೆಂಗಿತ್ತು?"

ಪ್ರಶ್ನೆ ಯಾಕೆಂದು ಬಾಳೇಶನಿಗೆ ತಿಳಿಯಲಿಲ್ಲ. "ಚೊಲೋ ಇತ್ರಿ."

"ಮಂಜುಳಾ, ನಿನಗ?"

"ಹಗೂರ ಒತ್ತಿದ್ರ ನಿಲ್ತಿತ್ರಿ."

"ಬಣವಿಗೆ ಬಡದಾಗ ಶಿವಲಿಂಗ ಏನ ಹೇಳಿದ್ದ?"

"ಬ್ರೇಕ್ ಹಿಡೀಲಿಲ್ಲ ಅಂತ," ಎಂದ ಬಾಳೇಶ. ಹೇಳಿ ಶಿವಲಿಂಗನ ಕಡೆ ತಿರುಗಿದ. ಶಿವಲಿಂಗ ಅವನ ಶಾಲೆಯ ಗೆಳೆಯ. ಒಂದೇ ಬೆಂಚಿನಲ್ಲಿ ಕುಳಿತು ಕಲಿತವರು. ಮೂರನೆಯ ಚಾಲಕ ಸಿಗದೆ ಕಂಗಾಲಾದಾಗ ಕರೆದ ಕೂಡಲೇ ಬಂದವನು.

"ಹನ್ನೆರಡೂ ಹತ್ತಕ್ಕ ಗಾಡಿ ಚಾಲೂ ಮಾಡಾಕ ಕುಂತವರು ಯಾರು?"

"ಶಿವಲಿಂಗ. ಅವನ ಪಾಳಿ ಇತ್ತು."

"ಅದಕ್ಕಿಂತ ಮೊದಲ ಓಡಿಸಿದವರು?"

"ಮಂಜುಳಾ."

"ಹಂಗಾರ ನೀವು ಸೀಟು ಯಾವಾಗ ಹಿಂದ ಸರಿಸಿದ್ರಿ?"

ಬಾಳೇಶ ಬಾಗಿಲು ತೆರೆದು ನೋಡಿದ. ಸೀಟು ಸ್ಟೀರಿಂಗಿಗೆ ಹತ್ತಿಕೊಂಡಂತೆ ಮುಂದೆ ಇತ್ತು, ಮಂಜುಳಾ ಬಿಟ್ಟು ಇಳಿದಲ್ಲೇ. ಮುಂಜಾನೆಯಿಂದ ಎರಡು ಸಲ ತಾನೇ ಕಾಲು ಕೊಟ್ಟು ನೂಕಿದ ಸೀಟು. ಈ ಸಲ ಶಿವಲಿಂಗ ಯಾರನ್ನೂ ಕರೆದಿರಲಿಲ್ಲ. ಮೊಣಕಾಲು ಎದೆಗೆ ಬರುವಂತೆ ಮುದುಡಿ ಕುಳಿತು, ನಾಲ್ಕು ಸಲ ಕೀಲಿ ತಿರುವಿ, 'ಹತ್ತವಲ್ದು' ಎಂದು ಇಳಿದಿದ್ದ. ಬಾಳೇಶ ಎದುರಿಗೇ ನಿಂತು ನೋಡಿದ್ದ. ನೋಡಿಯೂ ಕಂಡಿರಲಿಲ್ಲ.

"ಆರಡಿ ಮನಶ್ಯಾ," ಎಂದರು ನಾಗರತ್ನಾ, "ಒಂದು ತಾಸಿನ ಮ್ಯಾಲೆ ಗಾಡಿ ಓಡಸಾಕ ಕುಂದರಾಂವ, ಮೊದಲ ಸೀಟು ಸರಿಸಿಕೊಳ್ತಾನ. ಇಂವ ಸರಿಸಿಕೊಳ್ಳಲಿಲ್ಲ. ಯಾಕಂದ್ರ ಗಾಡಿ ಹೋಗೂದಿಲ್ಲ ಅಂತ ಇವಗ ಮೊದಲ ಗೊತ್ತಿತ್ತು. ಶಿವಲಿಂಗ, ರೋಟರ್ ಕೊಡು."

ಶಿವಲಿಂಗ ಅಲ್ಲಗಳೆಯಲಿಲ್ಲ. ಪ್ಯಾಂಟಿನ ಕಿಸೆಗೆ ಕೈ ಹಾಕಿ, ಕರವಸ್ತ್ರದಲ್ಲಿ ಸುತ್ತಿದ್ದ ಅದನ್ನು ತೆಗೆದು ಬಾನೆಟ್ಟಿನ ಮೇಲಿಟ್ಟ.

ಬಾಳೇಶ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದ.

"ಹನ್ನೊಂದು ಸುತ್ತು ಮುಂದಿದ್ವಿ. ಯಾಕ ಶಿವಲಿಂಗ? ಕಿತ್ತೂರಿನವರ ಕಡೆ ಏನರ ಇಸಕೊಂಡಿಯೇನು?"

"ಛೆ. ಹಂಗನಬ್ಯಾಡ."

"ಮತ್ತ ಓಡಸಾಕ ಮನಸ್ಸಿಲ್ಲಂದ್ರ ಬಾಯಿಬಿಟ್ಟು ಹೇಳಬೇಕಿತ್ತು."

"ಹೇಳಿದ್ರ ಯಾಕ ಅಂತ ಕೇಳ್ತಿದ್ದಿ."

ನಾಗರತ್ನಾ ಹಲಗೆಯ ಮೇಲಿನ ಹಾಳೆ ತಿರುವಿದರು. "ಮುಂಜಾನಿ ಇವನ ಪಾಳಿಯಾಗ ದೂರದ ತಿರುವಿನ್ಯಾಗ ಹಳದಿ ನಿಶಾನಿ ತೋರ್ಸಿದ್ರೂ ಎರಡು ಸರ್ತಿ ನಿಧಾನ ಮಾಡಿಲ್ಲ. ನಾ ಬರಕೊಂಡೇನಿ. ಬಣವಿ ಇರೂದೂ ಎಡಕ್ಕ, ನಿಶಾನಿ ಹಿಡಕೊಂಡು ಬಾಯವ್ವ ನಿಲ್ಲೂದೂ ಎಡಕ್ಕ. ಎಡಗಣ್ಣು ಎಂದಿನಿಂದ ಕಾಣವಲ್ದು, ತಮ್ಮಾ?"

ಶಿವಲಿಂಗ ನೆಲ ನೋಡುತ್ತಲೇ ಹೇಳಿದ. ದೀಪಾವಳಿಯಿಂದೀಚೆಗೆ ಎಡಗಣ್ಣಿಗೆ ಮಂಜು ಕವಿದಂತೆ ಆಗುತ್ತಿತ್ತು. ದಣಿವು ಎಂದುಕೊಂಡ. ಕಣ್ಣಿಗೆ ಹನಿ ಹಾಕಿಕೊಂಡ. ದಿನಾ ಮುಂಜಾನೆ ಆರು ಗಂಟೆಯ ಬೆಳಗಾವಿ ಬಸ್ಸು ಅವನದು. ಹೇಳಿದರೆ ಸ್ಟೀರಿಂಗಿನಿಂದ ಇಳಿಸುತ್ತಾರೆ. ಇಪ್ಪತ್ತೊಂದು ವರ್ಷ ಒಂದು ಎಮ್ಮೆಗೂ ತಾಗಿಸದೆ ಓಡಿಸಿದವನಿಗೆ ಆ ಮಾತು ಬಾಯಿಗೇ ಬರಲಿಲ್ಲ.

"ನೀ ಕರದಾಗ ಹೂಂ ಅಂದಿದ್ದ ಅದಕ್ಕ," ಎಂದ ಬಾಳೇಶನಿಗೆ. "ಬಯಲು ಹೊಲ, ಮಂದಿ ಇರೂದಿಲ್ಲ. ನನ್ನ ನಾ ಪರೀಕ್ಷಾ ಮಾಡಿಕೊಂಡ್ರಾತು ಅನಕೊಂಡೆ. ಬಣವಿಗೆ ಬಡದಾಗೂ ಒಪ್ಪಲಿಲ್ಲ. ಕಡೀ ಸುತ್ತಿನ್ಯಾಗ... ಬಾಯವ್ವ ಮಗ್ಗಲಕ್ಕ ಜಿಗಿದ್ಲು. ಆಕಿ ಜಿಗಿದಿದ್ದು ನನಗ ಕನ್ನಡಿಯಾಗ ಕಂಡ್ತು, ಬಾಳೇಶ. ಮುಂದ ಇದ್ದಾಗ ಕಾಣಲಿಲ್ಲ. ದಾಟಿ ಹೋದ ಮ್ಯಾಲೆ ಕನ್ನಡಿಯಾಗ ಕಂಡ್ತು."

ಕಾಡಪ್ಪ ದೂರದ ತಿರುವಿನ ಕಡೆ ತಿರುಗಿ ನೋಡಿದ. ಬಾಯವ್ವ ಅವನ ಹೆಂಡತಿ.

"ಮತ್ತೊಮ್ಮಿ ಆ ತಿರುವಿಗೆ ಹೋಗಾಕ ನನ್ನ ಕೈಲಾಗಲಿಲ್ಲ," ಎಂದ ಶಿವಲಿಂಗ. "ಗಾಡಿ ನಿಂತ್ರ ಯಾರೂ ನನ್ನ ಕೇಳೂದಿಲ್ಲ ಅನಕೊಂಡೆ."

ಬಾಳೇಶನಿಗೆ ಸಿಟ್ಟೂ ಇತ್ತು. ಹದಿನೈದು ದಿನ ಅಂಗಡಿ ಮುಚ್ಚಿದ ಮೇಲೆ ಕುಳಿತು ಕಟ್ಟಿದ ಕಾರು ಅದು. ಆದರೆ ಆ ಬೆಳಗಾವಿ ಬಸ್ಸಿನಲ್ಲಿ ವಾರಕ್ಕೆರಡು ಸಲ ತಾನೂ ಹೋಗುತ್ತಿದ್ದನಲ್ಲ. ಚಾಲಕನ ಹಿಂದಿನ ಸೀಟಿನಲ್ಲಿ, ನಿದ್ದೆ ಮಾಡುತ್ತ.

"ಓಟದ ಲೆಕ್ಕ ಸರಳ ಐತಿ," ಎಂದರು ನಾಗರತ್ನಾ. "ಮೂರನೇ ಚಾಲಕ ಎರಡು ತಾಸು ಪೂರೈಸದಿದ್ರ ಕಾರು ಸ್ಪರ್ಧಾದಿಂದ ಹೊರಗ. ನಿಮಗ ಬೇಕಿದ್ರ ನಾಕರ ತನಕ ಹಂಗ ಓಡಸ್ರಿ, ನಂಬರ್ ಇಲ್ಲ. ಆದ್ರ ಶಿವಲಿಂಗ, ನಾಳಿ ಮುಂಜಾನಿ ಆರರ ಬಸ್ಸಿಂದು ಏನ್ ಮಾಡ್ತಿ? ಅದರ ತೀರ್ಪು ನಾ ಕೊಡಾಕ ಆಗೂದಿಲ್ಲ. ನೀನ ಕೊಡಬೇಕು."

ಶಿವಲಿಂಗ ಫೋನ್ ತೆಗೆದ. ಬಸ್ ಡಿಪೋಗೆ ಹಚ್ಚಿದ.

"ಸಾಹೇಬ್ರ, ಶಿವಲಿಂಗ ಮಾತಾಡಾಕತ್ತೇನ್ರಿ. ನಾಳಿ ನಾ ಗಾಡಿ ಹತ್ತೂದಿಲ್ರಿ... ಆರಾಮದೇನ್ರಿ. ಎಡಗಣ್ಣು ಕಾಣವಲ್ದು... ಹೌದ್ರಿ. ನಾಕೈದು ತಿಂಗಳಾತ್ರಿ. ಹೇಳಿರಲಿಲ್ಲ, ತಪ್ಪಾತ್ರಿ."

ಅತ್ತ ಕಡೆಯವರು ಏನೋ ಹೇಳಿದರು. ಬೇರೆ ಚಾಲಕನನ್ನು ಹಾಕುತ್ತೇನೆ, ನಾಳೆಯೇ ಡಾಕ್ಟರಿಗೆ ತೋರಿಸು, ಚೀಟಿ ತಂದು ಕೊಡು. ಅಷ್ಟೇ. ಐದು ತಿಂಗಳು ಅಂಜಿದ ಮಾತು ಅರ್ಧ ನಿಮಿಷದಲ್ಲಿ ಮುಗಿದಿತ್ತು.

ಮಲ್ಲಿಕಾರ್ಜುನ ರೋಟರ್ ಕೂಡಿಸಿ ಮುಚ್ಚಳ ಹಾಕಿದ. ಕಾಲರು ಹರಿದ ಅಂಗಿಯಲ್ಲೇ ಪಾನಾ ಒರೆಸಿಕೊಂಡು, "ಮಂಜಕ್ಕ, ಚಾಲೂ ಮಾಡು," ಎಂದ. ಕಾರು ಒಂದೇ ಸಲಕ್ಕೆ ಹತ್ತಿತು. ನಂಬರಿಲ್ಲದಿದ್ದರೂ ಮಂಜುಳಾ ಅದನ್ನು ಧೂಳೆಬ್ಬಿಸುತ್ತ ಒಯ್ದಳು.

ಬಾಳೇಶ ಮತ್ತು ಶಿವಲಿಂಗ ಬೇವಿನ ಗಿಡದ ನೆರಳಿಗೆ ಬಂದರು.

"ಮನಿಯಾಗ ದುರ್ಗಾಗ ಗೊತ್ತೈತೇನು?" ಎಂದು ಬಾಳೇಶ ಅವನ ಹೆಂಡತಿಯ ಬಗ್ಗೆ ಕೇಳಿದ.

"ಇಲ್ಲ. ಆಕಿಗೆ ಹೇಳೂದ ದೊಡ್ಡ ಕೆಲಸ."

"ಸಂಜಿಗೆ ಹೋಗೂಣು. ನಾನೂ ಬರತೇನಿ."

"ನೀ ಬಂದ್ರ ಆಕಿ ನಿನಗೂ ಬೈತಾಳ."

"ಬೈಲಿ," ಎಂದ ಬಾಳೇಶ. "ಇಬ್ಬರಿಗೆ ಹಂಚಿ ಹೋಗ್ತೈತಿ."