ಅರಳುನಾಡಿನ ಕೆಂಡ

ಏಳು ಬೆಟ್ಟಗಳ ಆಚೆ, ಬೆಂಕಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಅರಳುನಾಡು ಎಂಬ ಪುಟ್ಟ ನಾಡಿತ್ತು. ರಾಕ್ಷಸನೊಬ್ಬನ ಸೆರೆಯಿಂದ ಮೊನ್ನೆಮೊನ್ನೆಯಷ್ಟೇ ಬಿಡಿಸಿಕೊಂಡಿತ್ತು. ಅಲ್ಲಿ ರಾಜನಿಲ್ಲ. ಮಾತೋ, ಬೇಕಾದಷ್ಟು! ಒಂದು ಕಾಲುಸಂಕ ಹಾಕಬೇಕೆಂದರೂ ಊರೆಲ್ಲ ಕೂತು ಜಗಳಾಡುವುದು, ಆಮೇಲೆ ಒಟ್ಟಿಗೇ ಉಣ್ಣುವುದು.

ನೆರೆಯ ಗಜಗಿರಿ ರಾಜ್ಯದ ಜೊತೆ ಕೂಡಬೇಕೋ ಬೇಡವೋ ಎಂಬ ಮಾತು ಅಲ್ಲಿ ಎದ್ದಿತು. ನೋಡಿಕೊಂಡು ಬರಲು ದೂರದ ಕಡಲತಡಿಯ ರಾಜನು ಹಂಸಕನೆಂಬ ತನ್ನ ರಾಯಭಾರಿಯನ್ನು ಕಳಿಸಿದ. ಬೆರಳಿಗೊಂದು ಮಾಯದ ಉಂಗುರ ತೊಡಿಸಿದ.

"ನೋಡು, ಕೇಳು. ನಡುವೆ ಬಾಯಿ ಹಾಕಬೇಡ. ಹಾಕಿದೆಯೋ, ಉಂಗುರ ಒಡೆದು ಮನೆಯ ದಾರಿ ನಿನಗೆ ಮರೆತೇ ಹೋಗುತ್ತದೆ."

ಮನೆಯಲ್ಲಿ ತಾಯಿಯಿಲ್ಲದ ಮಗಳು ಚಿತ್ತಾರೆ ಕಾಯುತ್ತಿದ್ದಳು. ಹಂಸಕ ಬಾಯಿಗೆ ಬೀಗ ಹಾಕಿಕೊಂಡು ಹೊರಟ.

ಅರಳುನಾಡಿನ ಪದ್ಧತಿ ಹೀಗಿತ್ತು: ಕೂಡಲು ಒಪ್ಪಿದವರೆಲ್ಲ ತಮ್ಮ ಒಲೆಯ ಕೆಂಡವೊಂದನ್ನು ಸಭೆಯ ಅಗ್ಗಿಷ್ಟಿಕೆಗೆ ಹಾಕಬೇಕು. ಇನ್ನೊಂದು ಪದ್ಧತಿಯೂ ಇತ್ತು. ಅತಿಥಿಯ ಹತ್ತಿರ ಏನನ್ನೂ ಕೇಳಬಾರದು.

ಗಜಗಿರಿಯ ಮಂತ್ರಿ ಭಸ್ಮಾಂಗ ಖಾಲಿ ಚಿನ್ನದ ಅಗ್ಗಿಷ್ಟಿಕೆ ಹೊರಿಸಿಕೊಂಡು ಬಂದು ಸಭೆಯ ನಡುವೆ ಇಡಿಸಿದ. ಮೊದಲ ದಿನ ಆಕಾಶದಿಂದ ಭತ್ತದ ಮಳೆ ಸುರಿಸಿ, "ಕೂಡಿದರೆ ದಿನವೂ ಹೀಗೇ!" ಎಂದ. ಅರ್ಧ ಊರು ಕೆಂಡ ಹಾಕಿತು. ಮಂತ್ರಿ ಮಾತ್ರ ಹಾಕಲಿಲ್ಲ. ಅತಿಥಿಯಲ್ಲವೇ, ಯಾರೂ ಕೇಳಲಿಲ್ಲ. ಹಂಸಕನ ನಾಲಗೆ ತುದಿಗೆ ಮಾತು ಬಂತು. ಮಗಳ ನೆನಪಾಗಿ ನುಂಗಿಕೊಂಡ.

ಎರಡನೆಯ ದಿನ ಹೊಗೆಯ ಹುಲಿಯೊಂದು ಊರು ಸುತ್ತಿ ಗರ್ಜಿಸಿತು. "ಒಂಟಿಯಾಗಿದ್ದರೆ ಇದೇ ಗತಿ!" ಎಂದ ಭಸ್ಮಾಂಗ. ಬಾಳವ್ವ ಎಂಬ ಮುದುಕಿಯೊಬ್ಬಳನ್ನು ಬಿಟ್ಟು ಉಳಿದವರೂ ಹಾಕಿದರು. ಕೆಂಡ ಕೊಟ್ಟವರ ಒಲೆ ತಣ್ಣಗಾಗಿಹೋಯಿತು. ಹಂಸಕ ಮತ್ತೆ ಮಾತು ನುಂಗಿಕೊಂಡ.

ಮೂರನೆಯ ದಿನ ಊರೆಲ್ಲ ಬಾಳವ್ವನ ಮೇಲೆ ಬಿತ್ತು. "ನಿನ್ನದೊಂದೇ ಬಾಕಿ. ಹಟ ಯಾಕಜ್ಜೀ?"

"ಕೂಡೋದು ಬೇಡ ಅಂತಲ್ಲ ಕಣ್ರೋ. ಮನಸ್ಸು ಒಪ್ತಾ ಇಲ್ಲ," ಎಂದಳು ಬಾಳವ್ವ. ಆದರೂ ಇಕ್ಕಳದಲ್ಲಿ ಕೆಂಡ ಎತ್ತಿದಳು.

ಅಯ್ಯೋ, ಇಷ್ಟು ಒಳ್ಳೆಯ ಜನ ಮರ್ಯಾದೆಗೆ ಅಂಜಿ ಹಾಳಾಗುವುದೇ! ಹಂಸಕನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಮಂತ್ರಿಗಳೇ, ನಿಮ್ಮ ಅರಮನೆಯ ಕೆಂಡ ಎಲ್ಲಿ?"

ಉಂಗುರ ಫಟ್ಟನೆ ಒಡೆಯಿತು.

"ಹೌದಲ್ಲ!" ಎಂದಳು ಬಾಳವ್ವ. "ನೀವೂ ಒಂದು ಹಾಕಿ ಸ್ವಾಮಿ!"

ಭಸ್ಮಾಂಗ ಹಿಂದೆ ಸರಿದ. ಎಲ್ಲಿಂದ ತಂದಾನು? ಗಜಗಿರಿಯ ಒಲೆಗಳ ಬೆಂಕಿಯನ್ನೆಲ್ಲ ಅವನೇ ತಿಂದು ಮುಗಿಸಿದ್ದ. ಮೋಸ ಬಯಲಾದದ್ದೇ ತಡ, "ನಾವು ಮನೆಗೆ ಹೋಗ್ತೀವಿ!" ಎಂದು ಕೆಂಡಗಳು ಹಾರಿ ತಂತಮ್ಮ ಒಲೆ ಸೇರಿದವು. ಹುಲಿ ಕರಗಿತು. ತಿನ್ನಲು ಬೆಂಕಿಯಿಲ್ಲದೆ ಮಂತ್ರಿ ಬೂದಿಯಾಗಿ ಉದುರಿದ.

ಎಲ್ಲರೂ ಕುಣಿದರೆ ಹಂಸಕ ಕೂತು ಅತ್ತ. "ಮಗಳ ಹತ್ತಿರ ಹೋಗುವ ದಾರಿಯೇ ಮರೆತುಹೋಯಿತು."

ಬಾಳವ್ವ ಮತ್ತೆ ಪದ್ಧತಿ ಮುರಿದು ಅತಿಥಿಯನ್ನು ಕೇಳಿದಳು. "ಯಾವ ದಿಕ್ಕಪ್ಪಾ ನಿನ್ನದು?"

"ಅದೂ ನೆನಪಿಲ್ಲ ತಾಯೀ."

"ಹಾಗಾದ್ರೆ ಎಲ್ಲಾ ದಿಕ್ಕಿಗೂ ಬೆಂಕಿ ಹಚ್ಚೋಣ ಬನ್ರೋ, ಬೆಳಕು ನೋಡಿ ಮಗಳೇ ಬರ್ತಾಳೆ!"

ಆ ನಾಡಿನಲ್ಲಿ ವಾದವಿಲ್ಲದೆ ಒಪ್ಪಿದ್ದು ಅದೇ ಮೊದಲು. ಮನೆಮನೆಯ ಕೆಂಡದಿಂದ ಬೆಟ್ಟಬೆಟ್ಟದ ತುದಿಯಲ್ಲೂ ಬೆಂಕಿ ಹಚ್ಚಿದರು. ಗಜಗಿರಿಯ ಜನ ಓಡಿಬಂದು ತಮ್ಮ ಒಲೆಗೆ ಬೆಂಕಿ ಒಯ್ದರು, ತಮ್ಮ ಬೆಟ್ಟಗಳ ಮೇಲೂ ಹಚ್ಚಿದರು. ಬೆಳಕು ಕಡಲತಡಿಯವರೆಗೂ ಹಬ್ಬಿತು. ಅದನ್ನೇ ಹಿಡಿದು ನಡೆದುಬಂದ ಚಿತ್ತಾರೆ, "ಅಪ್ಪಾ!" ಎಂದು ಕುತ್ತಿಗೆಗೆ ಜೋತುಬಿದ್ದಳು.

ಅಪ್ಪ ಮಗಳು ಅಲ್ಲೇ ಒಲೆ ಹೂಡಿ ಸುಖವಾಗಿದ್ದರು. ಮತ್ತೆ ನಾಡುಗಳು ಕೂಡುವ ಮಾತು? ಅದಿನ್ನೂ ನಡೆದೇ ಇದೆ. ಈಗ ಎರಡೂ ನಾಡಿನವರು ಕೆಂಡ ಹಿಡಿದೇ ಕೂರುತ್ತಾರೆ. ಎಲ್ಲರಿಗಿಂತ ಜೋರಾಗಿ ಬಾಯಿ ಹಾಕುವವನು ಹಂಸಕನೇ!